ಊರು ಕದಲಿಲ್ಲ, ಜಿಲ್ಲೆ ಮಾತ್ರ ಬದಲಾಯಿತು: ಹರಪನಹಳ್ಳಿಯ ದಾಖಲೆಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಮ್ಮದು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮುತ್ತಜ್ಜನವರು ಜಮೀನು ಕೊಂಡ ಫಸಲಿ 1340ರ ಪತ್ರದಲ್ಲಿ 'ಮದರಾಸು ಆಧಿಪತ್ಯ, ಬಳ್ಳಾರಿ ಜಿಲ್ಲೆ' ಎಂದಿದೆ. ತಂದೆಯವರ 1962ರ ಶಾಲಾ ವರ್ಗಾವಣೆ ಪತ್ರದಲ್ಲಿ 'ಮೈಸೂರು ರಾಜ್ಯ, ಬಳ್ಳಾರಿ ಜಿಲ್ಲೆ' ಎಂದಿದೆ. 2004ರ ನನ್ನ ದಾಖಲೆಗಳಲ್ಲಿ ದಾವಣಗೆರೆ ಜಿಲ್ಲೆ, 2020ರಲ್ಲಿ ಹುಟ್ಟಿದ ಮಗಳ ಜನನ ಪ್ರಮಾಣಪತ್ರದಲ್ಲಿ ಮತ್ತೆ ಬಳ್ಳಾರಿ, ಈಗಿನ ವಿಳಾಸದಲ್ಲಿ ವಿಜಯನಗರ. ಇವುಗಳಲ್ಲಿ ಯಾವುದು ಸರಿ? ಯಾರೋ ತಪ್ಪು ಬರೆದಿದ್ದಾರೆಯೇ? ಜಿಲ್ಲೆಗಳನ್ನು ಹೀಗೆ ಬದಲಿಸುತ್ತಾ ಹೋಗುವುದು ನಮ್ಮ ತಾಲ್ಲೂಕಿಗೆ ಮಾತ್ರ ಬಂದ ಕಷ್ಟವೇ?

ಉತ್ತರ: ತಾವು ಹೇಳಿದ ಐದೂ ದಾಖಲೆಗಳು ಸರಿಯಾಗಿವೆ. ಪ್ರತಿಯೊಂದೂ ತಾನು ಬರೆಯಲ್ಪಟ್ಟ ದಿನ ತಮ್ಮ ಹಳ್ಳಿ ಯಾವ ಜಿಲ್ಲೆಯಲ್ಲಿತ್ತೋ ಅದನ್ನೇ ದಾಖಲಿಸಿದೆ. ಜಿಲ್ಲೆ ಎಂಬುದು ಬೆಟ್ಟ ಹೊಳೆಗಳಂತೆ ನೆಲದ ಮೇಲೆ ತಾನಾಗಿ ಇರುವ ವಸ್ತುವಲ್ಲ. ಒಂದಷ್ಟು ತಾಲ್ಲೂಕುಗಳನ್ನು ಒಬ್ಬ ಅಧಿಕಾರಿಯ ಕೈಕೆಳಗೆ ಒಂದುಗೂಡಿಸಿದ ಸರ್ಕಾರಿ ವ್ಯವಸ್ಥೆ ಅದು. ಹಳ್ಳಿಯ ಎಲ್ಲೆಯಾಗಲಿ ಹೊಲದ ಸರ್ವೆ ನಂಬರಾಗಲಿ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ, ಆದರೆ ತಾಲ್ಲೂಕುಗಳನ್ನು ಸೇರಿಸಿ ಕಟ್ಟಿದ ಗಂಟನ್ನು ಸರ್ಕಾರ ಒಂದು ಅಧಿಸೂಚನೆಯಿಂದ ಬಿಚ್ಚಿ ಬೇರೆ ರೀತಿ ಕಟ್ಟಬಹುದು. ಹರಪನಹಳ್ಳಿಯ ವಿಷಯದಲ್ಲಿ ಆ ಗಂಟು ಎರಡು ಶತಮಾನಗಳಲ್ಲಿ ಹಲವು ಸಲ ಬಿಚ್ಚಿದೆ. ಪ್ರತಿ ಸಲವೂ ಕಾರಣ ಬೇರೆಯಾಗಿತ್ತು ಎಂಬುದೇ ಈ ಇತಿಹಾಸದಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಭಾರತದಲ್ಲಿ ಇಂದಿನ ಅರ್ಥದ ಜಿಲ್ಲೆ ಹುಟ್ಟಿದ್ದು ಕಂದಾಯ ವಸೂಲಿಗಾಗಿ. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದಲ್ಲಿ ಕಲೆಕ್ಟರುಗಳನ್ನು ನೇಮಿಸಿದ. ಕಲೆಕ್ಟರ್ ಎಂಬ ಹೆಸರಿನ ಅರ್ಥವೇ ವಸೂಲಿ ಮಾಡುವವನು ಎಂದು. ತಮ್ಮ ಭಾಗಕ್ಕೆ ಈ ವ್ಯವಸ್ಥೆ ಬಂದದ್ದು 1800ರಲ್ಲಿ. ಶ್ರೀರಂಗಪಟ್ಟಣದ ಪತನದ ನಂತರ ಟಿಪ್ಪುವಿನ ರಾಜ್ಯದ ಹಂಚಿಕೆಯಲ್ಲೂ ಅದಕ್ಕೆ ಹಿಂದಿನ 1792ರ ಹಂಚಿಕೆಯಲ್ಲೂ ಹೈದರಾಬಾದಿನ ನಿಜಾಮನಿಗೆ ದೊರೆತಿದ್ದ ಸೀಮೆಯನ್ನು, ತನ್ನ ರಾಜ್ಯದಲ್ಲಿ ಇರಿಸಿಕೊಂಡ ಇಂಗ್ಲಿಷ್ ಸೈನ್ಯದ ಖರ್ಚಿಗೆಂದು ಅವನು ಆ ವರ್ಷ ಕಂಪನಿಗೆ ಬಿಟ್ಟುಕೊಟ್ಟ. ಹೀಗೆ ಬಿಟ್ಟುಕೊಟ್ಟ ಸೀಮೆಗೆ ತೆಲುಗಿನಲ್ಲಿ ದತ್ತಮಂಡಲ ಎಂಬ ಹೆಸರು ನಿಂತಿತು. 1928ರಲ್ಲಿ ಅದೇ ಪ್ರದೇಶದ ತೆಲುಗರು ಆ ಹೆಸರನ್ನು ಅವಮಾನವೆಂದು ಬಗೆದು ರಾಯಲಸೀಮೆ ಎಂದು ಕರೆದುಕೊಂಡರು. ಮೊದಲ ಪ್ರಿನ್ಸಿಪಲ್ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಅನಂತಪುರದಲ್ಲಿ ಕುಳಿತು ನಾಲ್ವರು ಅಧೀನ ಅಧಿಕಾರಿಗಳ ನೆರವಿನಿಂದ 1807ರವರೆಗೆ ಆಡಳಿತ ನಡೆಸಿದ. ಹರಪನಹಳ್ಳಿಯಂತಹ ಕಡೆಗಳಲ್ಲಿ ಪಾಳೆಯಗಾರರು ವಸೂಲಿ ಮಾಡುತ್ತಿದ್ದ ಕಂದಾಯವನ್ನು ನೇರವಾಗಿ ಕಚೇರಿಗೆ ತರಿಸುವುದೇ ಅವನ ಮುಂದಿದ್ದ ಕೆಲಸವಾಗಿತ್ತು.

ಆ ಏರ್ಪಾಡು ಒಬ್ಬ ಅಧಿಕಾರಿ ಸುತ್ತಾಡಿ ನೋಡಲಾಗದಷ್ಟು ವಿಸ್ತಾರವಾಗಿದ್ದ ಕಾರಣ, ಮನ್ರೋ ಹೊರಟುಹೋದ ಬೆನ್ನಿಗೇ 1808ರಲ್ಲಿ ಅದನ್ನು ಬಳ್ಳಾರಿ ಮತ್ತು ಕಡಪ ಎಂದು ಎರಡು ಜಿಲ್ಲೆಗಳಾಗಿ ವಿಂಗಡಿಸಿದರು. ಬಳ್ಳಾರಿಯೂ ದೊಡ್ಡದೇ ಆಗಿ ಉಳಿದಿತ್ತು. 1882ರಲ್ಲಿ ಅದರಿಂದ ಅನಂತಪುರವನ್ನು ಬೇರ್ಪಡಿಸಿದಾಗ ಪೂರ್ವ ಮತ್ತು ದಕ್ಷಿಣದ ತೆಲುಗು ತಾಲ್ಲೂಕುಗಳು ಬಹುಪಾಲು ಹೊರಗೆ ಹೋದವು. ಆದರೂ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಲ್ಲೇ ಉಳಿದವು. ತಮ್ಮ ಮುತ್ತಜ್ಜನವರು ಜಮೀನು ಕೊಂಡಾಗ ಇದ್ದದ್ದು ಈ ಬಳ್ಳಾರಿ ಜಿಲ್ಲೆ. ಇಂದಿನ ಬಳ್ಳಾರಿ ಜಿಲ್ಲೆಯನ್ನು ನೋಡಿ ಅದನ್ನು ಊಹಿಸಿಕೊಳ್ಳಬಾರದು.

ಆ ಪತ್ರದಲ್ಲಿ ಗಮನಿಸಬೇಕಾದ ಸಂಗತಿಗಳು ಇನ್ನೂ ಎರಡಿವೆ. ಮೊದಲನೆಯದು ಫಸಲಿ ಎಂಬ ಕಂದಾಯ ವರ್ಷ. ಅದಕ್ಕೆ 590 ಕೂಡಿಸಿದರೆ ಅದು ಆರಂಭವಾಗುವ ಇಸವಿ ಸಿಗುತ್ತದೆ. ಮದರಾಸು ಆಧಿಪತ್ಯದಲ್ಲಿ ಫಸಲಿ ಜುಲೈ 1ರಂದು ಆರಂಭವಾಗುತ್ತಿತ್ತು, ಆದ್ದರಿಂದ ಫಸಲಿ 1340 ಎಂದರೆ 1930ರ ಜುಲೈನಿಂದ 1931ರ ಜೂನ್‌ವರೆಗಿನ ಅವಧಿ. ಎರಡನೆಯದು ಗ್ರಾಮದ ಲೆಕ್ಕ ಬರೆಯುತ್ತಿದ್ದವರ ಹೆಸರು. ತಮ್ಮ ಭಾಗದ ಹಳೆಯ ಕಾಗದಗಳಲ್ಲಿ 'ಕರಣಂ' ಎಂದು ಬರುತ್ತದೆ. ಅದೇ ಕೆಲಸ ಮಾಡುವವರು ಮೈಸೂರು ಸಂಸ್ಥಾನದಲ್ಲಿ ಶಾನುಭೋಗರಾಗಿದ್ದರು, ಮುಂಬಯಿ ಆಧಿಪತ್ಯದ ಧಾರವಾಡದ ಕಡೆ ಕುಲಕರ್ಣಿಗಳಾಗಿದ್ದರು, ನಿಜಾಮನ ಸೀಮೆಯಲ್ಲಿ ಪಟವಾರಿಗಳಾಗಿದ್ದರು. ಹರಿದ ಕಾಗದದಲ್ಲಿ ಜಿಲ್ಲೆಯ ಹೆಸರಿರುವ ಮೂಲೆಯೇ ಇಲ್ಲವಾದಾಗ ಈ ಒಂದು ಪದದಿಂದ ಅದು ಯಾವ ಆಡಳಿತದ ಕಾಗದ ಎಂಬುದನ್ನು ನಾನು ಎಷ್ಟೋ ಸಲ ಗುರುತಿಸಿದ್ದೇನೆ. ವಂಶಪಾರಂಪರ್ಯವಾದ ಈ ಹುದ್ದೆಗಳು 1961ರ ಕಾಯಿದೆಯಿಂದ ರದ್ದಾಗಿ ಗ್ರಾಮಲೆಕ್ಕಿಗರು ಬಂದರು. ಈಗ ಅವರನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ.

ಮದರಾಸು ಹೋಗಿ ಮೈಸೂರು ಬಂದದ್ದು ಭಾಷೆಯ ಕಾರಣದಿಂದ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯನ್ನು ಒಡೆಯಲೇಬೇಕಾಯಿತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಅವುಗಳಲ್ಲಿ ಮೊದಲ ಎರಡು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಸೇರಿದವು. ಹರಪನಹಳ್ಳಿ, ಹಡಗಲಿ, ಹೊಸಪೇಟೆ, ಕೂಡ್ಲಿಗಿ, ಸಂಡೂರು, ಸಿರುಗುಪ್ಪಗಳು ಮೈಸೂರು ರಾಜ್ಯಕ್ಕೆ ಬಂದವು. ಬಳ್ಳಾರಿ ತಾಲ್ಲೂಕಿನ ಬಗ್ಗೆ ಮಾತ್ರ ವಿವಾದ ಬಿಗಿಯಾಗಿತ್ತು. ಅದನ್ನು ಪರಿಶೀಲಿಸಲು ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರನ್ನು ನೇಮಿಸಲಾಯಿತು, ಅವರ ವರದಿಯ ನಂತರ ಆ ತಾಲ್ಲೂಕೂ ಮೈಸೂರಿನ ಪಾಲಾಯಿತು. ವಿಷಯ ಅಲ್ಲಿಗೇ ಮುಗಿಯಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಗೆಂದು ನೇಮಕವಾಗಿ 1955ರಲ್ಲಿ ವರದಿ ಕೊಟ್ಟ ಫಜಲ್ ಅಲಿ ಆಯೋಗವು ತುಂಗಭದ್ರಾ ಯೋಜನೆಯ ನಿರ್ವಹಣೆಯ ದೃಷ್ಟಿಯಿಂದ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳು ಮತ್ತು ಮಲ್ಲಾಪುರ ಉಪತಾಲ್ಲೂಕಿನ ಸ್ವಲ್ಪ ಭಾಗವನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಅಂಗೀಕಾರವಾಗಲಿಲ್ಲ. ಆಗಿದ್ದರೆ ಹರಪನಹಳ್ಳಿ ತನ್ನ ಜಿಲ್ಲಾ ಕೇಂದ್ರವನ್ನೇ ಕಳೆದುಕೊಂಡು ಆಗಲೇ ಹೊಸ ಜಿಲ್ಲೆಯೊಂದಕ್ಕೆ ಸೇರಬೇಕಾಗುತ್ತಿತ್ತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ 19 ಜಿಲ್ಲೆಗಳೊಂದಿಗೆ ಆರಂಭವಾದಾಗ ಬಳ್ಳಾರಿ ಅವುಗಳಲ್ಲಿ ಒಂದಾಗಿತ್ತು. ತಂದೆಯವರ 1962ರ ಪತ್ರದಲ್ಲಿ 'ಮೈಸೂರು ರಾಜ್ಯ' ಎಂದಿರುವುದಕ್ಕೆ ಕಾರಣ ತಮಗೆ ತಿಳಿದೇ ಇದೆ; ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ.

ಮುಂದಿನ ಬದಲಾವಣೆಗೆ ಕಾರಣ ದೂರ. ಹರಪನಹಳ್ಳಿಯಿಂದ ಬಳ್ಳಾರಿಗೆ ನೂರು ಕಿಲೋಮೀಟರಿಗೂ ಹೆಚ್ಚು, ದಾವಣಗೆರೆಗೆ ಅದರ ಅರ್ಧವೂ ಇಲ್ಲ. ಜಿಲ್ಲಾಧಿಕಾರಿಗಳ ಕಚೇರಿಗೆ ಒಂದು ಅರ್ಜಿ ಕೊಡಲು ಹೋದವರು, ಸಾಹೇಬರು ಸಭೆಯಲ್ಲಿದ್ದಾರೆ ಎಂದರೆ ರಾತ್ರಿ ಅಲ್ಲೇ ತಂಗಬೇಕಾಗುತ್ತಿತ್ತು. ಪೇಟೆ, ಆಸ್ಪತ್ರೆ, ಕಾಲೇಜು ಎಲ್ಲದಕ್ಕೂ ಜನ ದಾವಣಗೆರೆಗೇ ಹೋಗುತ್ತಿದ್ದರು. ಕರ್ನಾಟಕದಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯ ಬಗ್ಗೆ 1970 ಮತ್ತು 80ರ ದಶಕಗಳಲ್ಲಿ ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ್ ಅವರ ನೇತೃತ್ವದಲ್ಲಿ ಒಂದರ ಹಿಂದೆ ಒಂದು ಸಮಿತಿಗಳು ಕುಳಿತು ವರದಿ ಕೊಟ್ಟವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಒಂದು ಹುಟ್ಟಿದ್ದು ಬಿಟ್ಟರೆ ಆ ವರದಿಗಳು ಬಹುಕಾಲ ಕಡತದಲ್ಲೇ ಉಳಿದವು. ಕೊನೆಗೆ 1997ರಲ್ಲಿ ಜೆ. ಎಚ್. ಪಟೇಲರ ಸರ್ಕಾರ ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ, ದಾವಣಗೆರೆ ಎಂಬ ಏಳು ಜಿಲ್ಲೆಗಳನ್ನು ಒಟ್ಟಿಗೆ ರಚಿಸಿ ಸಂಖ್ಯೆಯನ್ನು 27ಕ್ಕೆ ಏರಿಸಿತು. ದಾವಣಗೆರೆ ಜಿಲ್ಲೆಯನ್ನು ಕಟ್ಟಿದ ಬಗೆ ನೋಡಿ: ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಬಳ್ಳಾರಿಯಿಂದ ಹರಪನಹಳ್ಳಿ. ಚನ್ನಗಿರಿ ಪಟೇಲರ ಸ್ವಂತ ಕ್ಷೇತ್ರ ಎಂಬುದನ್ನು ಆಗ ಎತ್ತಿ ಆಡಿದವರಿದ್ದರು. ಅದು ನಿಜವೇ ಆದರೂ, ನಕ್ಷೆ ಮುಂದಿಟ್ಟುಕೊಂಡು ನೋಡಿದರೆ ಜನ ನಡೆದಾಡುವ ದಾರಿಗೆ ಇಷ್ಟು ಹೊಂದಿಕೊಂಡ ಜಿಲ್ಲೆ ಆ ಏಳರಲ್ಲಿ ಕಡಿಮೆ ಎಂದೇ ನನ್ನ ಅಭಿಪ್ರಾಯ. ತಮ್ಮ 2004ರ ದಾಖಲೆಗಳು ಈ ಅವಧಿಯವು.

ಹಾಗಾದರೆ ದಾವಣಗೆರೆಯಲ್ಲಿ ಅನುಕೂಲವಾಗಿದ್ದ ತಾಲ್ಲೂಕು ದೂರದ ಬಳ್ಳಾರಿಗೆ ಹಿಂತಿರುಗಿದ್ದೇಕೆ? ಇಲ್ಲಿ ಕಾರಣ ಸಂವಿಧಾನದ ಒಂದು ಅನುಚ್ಛೇದ. 2012ರ 98ನೇ ತಿದ್ದುಪಡಿಯಿಂದ 371 ಜೆ ಅನುಚ್ಛೇದ ಸೇರ್ಪಡೆಯಾಗಿ, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಜನರಿಗೆ ಉದ್ಯೋಗದಲ್ಲೂ ಶಿಕ್ಷಣದಲ್ಲೂ ವಿಶೇಷ ಮೀಸಲಾತಿ ದೊರೆಯಿತು. ಬಳ್ಳಾರಿ ಎಂದೂ ನಿಜಾಮನ ಹೈದರಾಬಾದ್ ಸಂಸ್ಥಾನದೊಳಗಿನ ಜಿಲ್ಲೆಯಾಗಿರಲಿಲ್ಲ, 1800ರಲ್ಲೇ ಕೈಬಿಟ್ಟುಹೋದ ಸೀಮೆ ಅದು. ಆದರೂ ಹಿಂದುಳಿದಿರುವಿಕೆಯ ಆಧಾರದ ಮೇಲೆ ಹೈದರಾಬಾದ್ ಕರ್ನಾಟಕದ ಪಟ್ಟಿಗೆ ಸೇರಿತು. 1997ರಲ್ಲಿ ಬಳ್ಳಾರಿಯಿಂದ ಹೊರಬಂದಿದ್ದ ಹರಪನಹಳ್ಳಿ ಮಾತ್ರ ಪಟ್ಟಿಯ ಹೊರಗೆ ಉಳಿಯಿತು. ಪಕ್ಕದ ಹಡಗಲಿಯ ಹುಡುಗನಿಗೆ ಸಿಗುವ ವೈದ್ಯಕೀಯ ಸೀಟು, ಅಷ್ಟೇ ಮಳೆಯನ್ನು ನಂಬಿ ಅಂಥದೇ ಹೊಲ ಉಳುವ ಹರಪನಹಳ್ಳಿಯ ರೈತನ ಮಗನಿಗೆ ಸಿಗದಾಯಿತು. ಹೋರಾಟ ನಡೆಯಿತು, 2018ರ ಹೊತ್ತಿಗೆ ಸರ್ಕಾರ ತಾಲ್ಲೂಕನ್ನು ಮರಳಿ ಬಳ್ಳಾರಿಗೆ ಸೇರಿಸಲು ತೀರ್ಮಾನಿಸಿತು. ಕಚೇರಿಯ ದೂರವನ್ನು ಸಹಿಸಿಕೊಂಡು ಅನುಚ್ಛೇದದ ಸೌಲಭ್ಯವನ್ನು ಆಯ್ದುಕೊಂಡ ಪ್ರಕರಣವಿದು. ಜಿಲ್ಲೆ ಎಂಬುದು ಆ ಹೊತ್ತಿಗೆ ಕಂದಾಯ ಕೊಡುವ ಜಾಗವಾಗಿ ಉಳಿಯದೆ ಹಕ್ಕು ಪಡೆಯುವ ಜಾಗವಾಗಿತ್ತು.

ಇದರಿಂದ ಸಾಮಾನ್ಯರ ಕಣ್ಣಿಗೆ ಬೀಳದ ಇನ್ನೊಂದು ಬದಲಾವಣೆಯೂ ಆಯಿತು. ದಾವಣಗೆರೆ ಜಿಲ್ಲೆ ಬೆಂಗಳೂರು ಕಂದಾಯ ವಿಭಾಗಕ್ಕೆ ಸೇರಿದ್ದು, ಬಳ್ಳಾರಿ ಕಲಬುರಗಿ ವಿಭಾಗಕ್ಕೆ ಸೇರಿದ್ದು. ಹೀಗಾಗಿ ಜಿಲ್ಲೆಯೊಂದಿಗೆ ಪ್ರಾದೇಶಿಕ ಆಯುಕ್ತರೂ ಬದಲಾದರು.

ಬಳ್ಳಾರಿಯಲ್ಲಿ ತಮ್ಮ ತಾಲ್ಲೂಕು ಹೆಚ್ಚು ದಿನ ನಿಲ್ಲಲಿಲ್ಲ. 2020ರ ನವೆಂಬರ್‌ನಲ್ಲಿ ಬಳ್ಳಾರಿಯನ್ನು ವಿಭಜಿಸಲು ಸಚಿವ ಸಂಪುಟ ಒಪ್ಪಿತು, ಡಿಸೆಂಬರ್‌ನಲ್ಲಿ ಕರಡು ಅಧಿಸೂಚನೆ ಹೊರಟಿತು, 2021ರ ಫೆಬ್ರುವರಿ 8ರಂದು ಅಂತಿಮ ಅಧಿಸೂಚನೆ ಬಂದು ಹೊಸಪೇಟೆ ಕೇಂದ್ರವಾಗಿರುವ ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಆರು ತಾಲ್ಲೂಕುಗಳು ಅದರಲ್ಲಿವೆ. 2020ರಲ್ಲಿ ಹುಟ್ಟಿದ ಮಗಳ ಪ್ರಮಾಣಪತ್ರದಲ್ಲಿ ಬಳ್ಳಾರಿ ಎಂದೂ ಇಂದಿನ ವಿಳಾಸದಲ್ಲಿ ವಿಜಯನಗರ ಎಂದೂ ಇರುವುದಕ್ಕೆ ಕಾರಣ ಇಷ್ಟೇ. ಬಳ್ಳಾರಿಯಿಂದಲೇ ಒಡೆದ ಜಿಲ್ಲೆಯಾದ್ದರಿಂದ 371 ಜೆ ಸೌಲಭ್ಯ ವಿಜಯನಗರಕ್ಕೂ ಮುಂದುವರಿದಿದೆ. ಕಚೇರಿಯ ದಾರಿ ಬಳ್ಳಾರಿಗಿಂತ ಕಡಿಮೆಯಾಯಿತು, ದಾವಣಗೆರೆಯಷ್ಟು ಹತ್ತಿರವಂತೂ ಆಗಲಿಲ್ಲ.

ಇದು ತಮ್ಮ ತಾಲ್ಲೂಕಿಗೆ ಮಾತ್ರ ಬಂದ ಕಷ್ಟವೇ ಎಂದು ಕೇಳಿದ್ದೀರಿ. ಅಲ್ಲ. ಕುಂದಾಪುರವನ್ನು ನೋಡಿ: 1799ರಲ್ಲಿ ಕಂಪನಿಯ ವಶವಾದ ಕೆನರಾ ಜಿಲ್ಲೆಯನ್ನು 1859-60ರ ಸುಮಾರಿಗೆ ಉತ್ತರ, ದಕ್ಷಿಣ ಎಂದು ಒಡೆದರು. ಧಾರವಾಡದ ಹತ್ತಿಯನ್ನು ಕಾರವಾರ ಬಂದರಿನ ಮೂಲಕ ಸಾಗಿಸುವ ಲೆಕ್ಕಾಚಾರದ ಮೇಲೆ 1862ರಲ್ಲಿ ಉತ್ತರ ಭಾಗವನ್ನು ಮದರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ದಾಟಿಸುವಾಗ ಕುಂದಾಪುರವನ್ನು ಮಾತ್ರ ಮದರಾಸಿನಲ್ಲೇ ಇಟ್ಟುಕೊಂಡು ದಕ್ಷಿಣಕ್ಕೆ ಸೇರಿಸಿದರು; 1997ರಲ್ಲಿ ಅದು ಉಡುಪಿ ಜಿಲ್ಲೆಗೆ ಬಂತು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಅನಂತರ ಮೈಸೂರು ಜಿಲ್ಲೆ, ಈಗ ಚಾಮರಾಜನಗರ. ಇಂದಿನ ವಿಜಯಪುರ ಜಿಲ್ಲೆ 1885ರವರೆಗೆ ಕಲಾದಗಿ ಜಿಲ್ಲೆಯಾಗಿತ್ತು. ಆ ಕಲಾದಗಿ ಈಗ ಬಾಗಲಕೋಟೆ ಜಿಲ್ಲೆಯ ಒಂದು ಊರು, ಅಲ್ಲಿನ ಹಣ್ಣಿನ ತೋಟಗಳಿಗೆ ಹೆಸರಾದದ್ದು.

ಜಿಲ್ಲೆಗಳು ಹೆಚ್ಚುತ್ತಲೇ ಹೋಗುತ್ತವೆ ಎಂದೂ ತಿಳಿಯಬೇಕಿಲ್ಲ. 1876-78ರ ಭೀಕರ ಬರದಿಂದ ಖಜಾನೆ ಬರಿದಾಗಿದ್ದ ಮೈಸೂರು ಸಂಸ್ಥಾನ, 1881ರಲ್ಲಿ ಒಡೆಯರಿಗೆ ಮರಳಿದ ಮೇಲೆ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಖರ್ಚು ಉಳಿಸಲು 1882ರಲ್ಲಿ ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನೇ ರದ್ದುಪಡಿಸಿತು. ನಾಲ್ಕು ವರ್ಷಗಳ ನಂತರ, 1886ರಲ್ಲಿ, ಎರಡನ್ನೂ ಮತ್ತೆ ಸ್ಥಾಪಿಸಬೇಕಾಯಿತು. ರಾಜಸ್ಥಾನದಲ್ಲಿ 2023ರಲ್ಲಿ ಜಿಲ್ಲೆಗಳ ಸಂಖ್ಯೆಯನ್ನು 33ರಿಂದ 50ಕ್ಕೆ ಏರಿಸಿದ ಮೇಲೆ, ಸರ್ಕಾರ ಬದಲಾಗಿ 2024ರ ಡಿಸೆಂಬರ್‌ನಲ್ಲಿ ಒಂಬತ್ತನ್ನು ಕೈಬಿಟ್ಟು 41ಕ್ಕೆ ಇಳಿಸಿದರು. ಅತ್ತ ತೆಲಂಗಾಣ 2016ರ ವಿಜಯದಶಮಿಯಂದು ಹತ್ತು ಜಿಲ್ಲೆಗಳನ್ನು 31 ಮಾಡಿ, 2019ರಲ್ಲಿ ಇನ್ನೆರಡು ಸೇರಿಸಿತು. ಆಂಧ್ರಪ್ರದೇಶ 2022ರ ಏಪ್ರಿಲ್ 4ರಂದು 13ನ್ನು ಒಂದೇ ದಿನದಲ್ಲಿ 26 ಮಾಡಿತು.

ಇಷ್ಟು ಸಲೀಸಾಗಿ ಇದು ನಡೆಯಲು ಕಾರಣವಿದೆ. ರಾಜ್ಯದ ಗಡಿಯನ್ನು ಬದಲಿಸಬೇಕಾದರೆ ಸಂವಿಧಾನದ 3ನೇ ಅನುಚ್ಛೇದದಂತೆ ಸಂಸತ್ತು ಕಾಯಿದೆ ಮಾಡಬೇಕು. ಜಿಲ್ಲೆಯ ಗಡಿಗೆ ಅದರ ಅಗತ್ಯವಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ ಅಡಿಯಲ್ಲಿ ರಾಜ್ಯ ಸರ್ಕಾರ ಕರಡು ಪ್ರಕಟಿಸಿ, ಆಕ್ಷೇಪಣೆಗಳನ್ನು ಕರೆದು, ಅಂತಿಮ ಅಧಿಸೂಚನೆ ಹೊರಡಿಸಿದರೆ ಮುಗಿಯಿತು. ಕಷ್ಟವಿರುವುದು ಆಮೇಲೆ: ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ಪಂಚಾಯಿತಿ, ಖಜಾನೆ ಎಂದು ಪ್ರತಿಯೊಂದಕ್ಕೂ ಕಟ್ಟಡ, ಸಿಬ್ಬಂದಿ, ಹಳೆಯ ಕಡತಗಳ ಹಂಚಿಕೆ. ಬೇರೆ ಬೇರೆ ಇಲಾಖೆಗಳು ಹೊಸ ಗಡಿಯನ್ನು ಒಟ್ಟಿಗೆ ಅನುಸರಿಸುವುದೂ ಇಲ್ಲ. ಶಿಕ್ಷಣ ಇಲಾಖೆಗೆ ಚಿಕ್ಕೋಡಿ, ಶಿರಸಿ, ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಗಳಿವೆ. ಲೋಕಸಭಾ ಕ್ಷೇತ್ರದ ಮಟ್ಟಿಗೆ ಹರಪನಹಳ್ಳಿ ಇಂದಿಗೂ ದಾವಣಗೆರೆಯಲ್ಲೇ ಇದೆ. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆ ಜಿಲ್ಲೆಯೊಂದಿಗೆ ಬದಲಾಗುವುದಿಲ್ಲ. ಆದ್ದರಿಂದ 2024ರಲ್ಲಿ ತಾವು ವಿಜಯನಗರ ಜಿಲ್ಲೆಯ ನಿವಾಸಿಯಾಗಿ ದಾವಣಗೆರೆಯ ಸಂಸದರಿಗೆ ಮತ ಹಾಕಿದ್ದೀರಿ.

ಅಂಕಿಅಂಶಗಳನ್ನು ನೋಡುವವರಿಗೂ ಇಲ್ಲಿ ಒಂದು ಎಚ್ಚರಿಕೆ. ದೇಶದಲ್ಲಿ 2001ರ ಜನಗಣತಿಯಲ್ಲಿ 593 ಜಿಲ್ಲೆಗಳಿದ್ದವು, 2011ರಲ್ಲಿ 640. ಗಣತಿಗೆ ಮುನ್ನ ಗಡಿಗಳನ್ನು ಬದಲಿಸದಂತೆ ತಡೆಹಿಡಿಯುವುದು ಎಣಿಕೆಯ ನಡುವೆ ಹಳ್ಳಿಗಳು ಕೈತಪ್ಪಬಾರದೆಂದೇ. ಬಳ್ಳಾರಿ ಜಿಲ್ಲೆಯ 1991ರ ಜನಸಂಖ್ಯೆಯನ್ನು 2001ರದರೊಂದಿಗೆ ನೇರವಾಗಿ ಹೋಲಿಸಿದವರು, ನಡುವೆ ಹರಪನಹಳ್ಳಿ ತಾಲ್ಲೂಕು ಹೊರಗೆ ಹೋಗಿರುವುದನ್ನು ಮರೆತರೆ, ಜನ ವಲಸೆ ಹೋದರೆಂದು ತಪ್ಪಾಗಿ ತೀರ್ಮಾನಿಸಿಯಾರು. ಹೋಲಿಕೆಯನ್ನು ತಾಲ್ಲೂಕುವಾರು ಮಾಡಬೇಕು, ಹೊಸ ತಾಲ್ಲೂಕುಗಳಾದ ಕಡೆ ಹಳ್ಳಿವಾರು.

ಇನ್ನು ತಮ್ಮ ಕಾಗದಗಳ ವಿಷಯ. ಹಳೆಯ ಪತ್ರಗಳಲ್ಲಿ ಜಿಲ್ಲೆಯ ಹೆಸರನ್ನು ತಿದ್ದಿಸಲು ಹೋಗಬೇಡಿ. ಬರೆದ ದಿನಕ್ಕೆ ಸರಿಯಾಗಿರುವ ದಾಖಲೆಯನ್ನು ಇಂದಿನ ಹೆಸರಿಗೆ ತಿದ್ದಿದರೆ ಅದೇ ತಪ್ಪಾಗುತ್ತದೆ. ಜನ್ಮಸ್ಥಳ ಕೇಳುವ ಅರ್ಜಿಯಲ್ಲಿ ಜನನ ಪ್ರಮಾಣಪತ್ರದಲ್ಲಿ ಇರುವಂತೆಯೇ ಬರೆಯಿರಿ, ಈಗಿನ ವಿಳಾಸ ಕೇಳುವಲ್ಲಿ ವಿಜಯನಗರ ಎಂದು ಬರೆಯಿರಿ. ಯಾವುದಾದರೂ ಕಚೇರಿಯಲ್ಲಿ ಎರಡೂ ಒಂದೇ ಊರು ಎಂದು ತೋರಿಸಬೇಕಾಗಿ ಬಂದರೆ 2021ರ ಫೆಬ್ರುವರಿಯ ರಾಜ್ಯಪತ್ರದ ಪ್ರತಿಯನ್ನು ಜೊತೆಗಿಡಿ. ವಿಜಯನಗರ ಎಂದು ಬರೆಯುವಾಗ ಅಕ್ಷರಗಳನ್ನು ಬಿಡಿಸಿ ಬರೆಯುವುದು ಒಳ್ಳೆಯದು: 2014ರಲ್ಲಿ ಬಿಜಾಪುರ ವಿಜಯಪುರವಾದ ಮೇಲೆ ಈ ಎರಡು ಹೆಸರುಗಳು ಅದಲುಬದಲಾಗಿ, ನನಗೇ ಬರಬೇಕಿದ್ದ ಲಕೋಟೆಯೊಂದು ಒಂದು ತಿಂಗಳು ತಡವಾಗಿ ಕೈಸೇರಿದೆ.

ಮುತ್ತಜ್ಜನವರ ಪತ್ರದ ನಕಲು ಅಥವಾ ಅದಕ್ಕೆ ಸಂಬಂಧಿಸಿದ ನೋಂದಣಿ ಹುಡುಕುವುದಾದರೆ ಜಿಲ್ಲಾ ಕಚೇರಿಯಿಂದ ಆರಂಭಿಸಬೇಡಿ. ಹರಪನಹಳ್ಳಿಯ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಹಳ್ಳಿಯ ಹೆಸರು, ಸರ್ವೆ ನಂಬರು, 1930 ಮತ್ತು 1931ರ ಇಸವಿ ಕೊಟ್ಟು ಸೂಚಿ ಪುಸ್ತಕ ನೋಡಿಸಿ. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಪಹಣಿಗೆ ಮೊದಲಿದ್ದ ಅಡಂಗಲ್ ಪುಸ್ತಕ ಉಳಿದಿದೆಯೇ ಎಂದು ಕೇಳಿ. ಮದರಾಸು ಕಂದಾಯ ಮಂಡಳಿಯ ನಡಾವಳಿಗಳು ಬೇಕಾದರೆ ಮಾತ್ರ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದವರೆಗೆ ಹೋಗಬೇಕಾಗುತ್ತದೆ.